ಯಹೂದಿಗಳಲ್ಲಿ ಚಿತ್ರಕಲೆಯೇ ಇಲ್ಲ ಅನ್ನುವುದು ಎಷ್ಟು ನಿಜ? ಆಚರಣೆಯ ವಸ್ತುಗಳ ಬಗ್ಗೆ ಗೊತ್ತಿದ್ದವರು ಬನ್ನಿ

ಕಲ್ಲುಕಂಬ (ಮೈಸೂರು)

ಕಲೆಯ ಚರಿತ್ರೆ ಪಾಠ ಮಾಡುವಾಗ ಯಹೂದಿಗಳ ಮಾತು ಬಂದರೆ ನಮ್ಮಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಅವರಲ್ಲಿ ವಿಗ್ರಹ ನಿಷೇಧ, ಆದ್ದರಿಂದ ಚಿತ್ರವೂ ಇಲ್ಲ, ಶಿಲ್ಪವೂ ಇಲ್ಲ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು ಅಂತಲೇ ಈ ಚರ್ಚೆ ಶುರುಮಾಡುತ್ತಿದ್ದೇನೆ.

ಮೊದಲು ಒಂದು ಗೋಡೆಯ ಕಥೆ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಂಡೆಯ ಮೇಲೆ ದುರಾ-ಯುರೋಪೋಸ್ ಅಂತ ಒಂದು ಪುರಾತನ ಪಟ್ಟಣವಿತ್ತು. 1932ರಲ್ಲಿ ಅಲ್ಲಿ ಉತ್ಖನನ ಮಾಡುತ್ತಿದ್ದವರಿಗೆ ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ಸಿಕ್ಕಿತು. ನೆಲದಿಂದ ಸೂರಿನವರೆಗೆ ಗೋಡೆ ತುಂಬ ಚಿತ್ರಗಳು! ಫರೋಹನ ಮಗಳು ನದಿಗಿಳಿದು ಮಗು ಮೋಶೆಯನ್ನು ಎತ್ತಿಕೊಳ್ಳುವುದು, ಸಮುವೇಲನು ದಾವೀದನ ತಲೆಗೆ ಎಣ್ಣೆ ಹಾಕುವುದು, ರಾಣಿ ಎಸ್ತೇರಳ ಆಸ್ಥಾನ, ಒಣಗಿದ ಮೂಳೆಗಳಿಗೆ ಜೀವ ಬರುವ ಯೆಹೆಜ್ಕೇಲನ ದರ್ಶನ. ಕಾಲ ಕ್ರಿ.ಶ. 244–45. ಚಿತ್ರ ಬರೆದು ಹತ್ತು ಹನ್ನೆರಡು ವರ್ಷವಾಗಿರಬೇಕು, ಅಷ್ಟರಲ್ಲಿ ಪರ್ಷಿಯಾದ ಸಸಾನಿಯರು ಮುತ್ತಿಗೆ ಹಾಕಿದರು. ಕೋಟೆಗೋಡೆಗೆ ಬಲ ಬರಲಿ ಅಂತ ಊರಿನವರು ಗೋಡೆಯ ಪಕ್ಕದ ಬೀದಿಗೂ ಕಟ್ಟಡಗಳಿಗೂ ಮಣ್ಣು ತುಂಬಿದರು. ಊರು ಉಳಿಯಲಿಲ್ಲ. ಸಿನಗಾಗ್ ಮಾತ್ರ ಆ ಮಣ್ಣಿನೊಳಗೆ ಬಣ್ಣದ ಸಮೇತ ಉಳಿದುಕೊಂಡಿತು. ಈಗ ಆ ಗೋಡೆಗಳು ದಮಾಸ್ಕಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.

ಆದರೆ ನನ್ನ ಮುಖ್ಯ ಮಾತು ಗೋಡೆಯದಲ್ಲ. ಯಹೂದಿಗಳ ಕಲೆ ಬಹುಪಾಲು ಕೈಯಲ್ಲಿ ಹಿಡಿಯುವ ವಸ್ತುಗಳಲ್ಲಿದೆ. ಅವರ ಧರ್ಮಗ್ರಂಥವಾದ ತೋರಾದ ಸುರುಳಿಯನ್ನೇ ತೆಗೆದುಕೊಳ್ಳಿ. ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ಮೂರು ಲಕ್ಷ ಚಿಲ್ಲರೆ ಅಕ್ಷರಗಳು. ಒಂದು ಚಿತ್ರವಿಲ್ಲ, ಒಂದು ಹೂಬಳ್ಳಿಯಿಲ್ಲ. ಅಲಂಕಾರವೆಲ್ಲ ಅದರ ಸುತ್ತ: ಕಟ್ಟುವ ಪಟ್ಟಿ, ಹೊದಿಸುವ ಮಖಮಲ್ಲು, ಸುರುಳಿಯ ಎದೆಗೆ ತೂಗುಹಾಕುವ ಬೆಳ್ಳಿಫಲಕ, ಅದನ್ನು ಸುತ್ತುವ ಕೋಲಿನ ತುದಿಗೆ ದಾಳಿಂಬೆ ಆಕಾರದ ಬೆಳ್ಳಿಗುಬಟು, ಮೇಲೆ ಕಿರೀಟ. ಇದನ್ನು ಬಿಟ್ಟು ಚೌಕಟ್ಟು ಹಾಕಿದ ಪಟಗಳನ್ನೇ ಹುಡುಕಿಕೊಂಡು ಹೋದರೆ ಏನೂ ಸಿಗುವುದಿಲ್ಲ, ನಿಜ.

ಕಸೂತಿ_ಧಾರವಾಡ

ಛಲೋ ವಿಷಯ ತಗದೀರಿ. ಒಂದು ಸಂಶಯ ಅದ. ಹತ್ತು ಆಜ್ಞೆದಾಗ ಎರಡನೇದ್ದು ಮೂರ್ತಿ ಮಾಡಬ್ಯಾಡ, ಮ್ಯಾಲ ಆಕಾಶದಾಗ ಇರೋದರದು, ಕೆಳಗ ಭೂಮಿ ಮ್ಯಾಲ ಇರೋದರದು ಯಾವ ರೂಪಾನೂ ಬ್ಯಾಡ ಅಂತ ನೇರವಾಗೇ ಹೇಳ್ತದಲ್ರಿ? ಮತ್ತ ಸಿನಗಾಗ್ ಒಳಗ ಇಷ್ಟೆಲ್ಲಾ ಮನುಷ್ಯಾರ ಚಿತ್ರ ಹೆಂಗ ಬಂದವು? ಕೇಳವರು ಇರಲಿಲ್ಲೇನು?

ಕಲ್ಲುಕಂಬ

ಕೇಳುವವರು ಪ್ರತಿ ಕಾಲದಲ್ಲೂ ಇದ್ದರು, ಉತ್ತರ ಕೊಡುವವರೂ ಇದ್ದರು. ಆ ಆಜ್ಞೆ ಬರುವುದು ಬೈಬಲ್ಲಿನ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ. ಅದೇ ಪುಸ್ತಕದ 25ನೇ ಅಧ್ಯಾಯಕ್ಕೆ ಬಂದರೆ ಮಂಜೂಷದ (ಆಜ್ಞೆಯ ಹಲಗೆಗಳನ್ನು ಇಡುವ ಪವಿತ್ರ ಪೆಟ್ಟಿಗೆ) ಮುಚ್ಚಳದ ಮೇಲೆ ರೆಕ್ಕೆ ಬಿಚ್ಚಿದ ಎರಡು ಚಿನ್ನದ ಕೆರೂಬಿಗಳನ್ನು, ಅಂದರೆ ದೇವದೂತರ ರೂಪಗಳನ್ನು, ಮಾಡು ಎಂಬ ಅಪ್ಪಣೆ ಇದೆ. 31ನೇ ಅಧ್ಯಾಯದಲ್ಲಿ ಬೆಚಲೇಲ್ ಎಂಬ ಕುಶಲಕರ್ಮಿಯ ಹೆಸರು ಹಿಡಿದು, ಚಿನ್ನ, ಬೆಳ್ಳಿ, ತಾಮ್ರ, ಮರ, ರತ್ನಗಳ ಕೆಲಸಕ್ಕೆ ಬೇಕಾದ ಜಾಣ್ಮೆಯನ್ನು ದೇವರೇ ಅವನಲ್ಲಿ ತುಂಬಿದ ಅಂತ ಹೇಳಿದೆ. ಒಬ್ಬ ಕಸುಬುದಾರನಿಗೆ ಇಂಥ ಗೌರವ ಕೊಟ್ಟ ಧರ್ಮಗ್ರಂಥ ಕಲೆಯನ್ನು ದ್ವೇಷಿಸುತ್ತದೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. 1906ರಲ್ಲಿ ಬೋರಿಸ್ ಶಾಟ್ಸ್ ಜೆರುಸಲೇಮಿನಲ್ಲಿ ಕಲಾಶಾಲೆ ತೆರೆದಾಗ ಇಟ್ಟದ್ದೂ ಬೆಚಲೇಲನ ಹೆಸರನ್ನೇ.

ಯಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಒಂದು ಪ್ರಸಂಗ ಬರುತ್ತದೆ. ಯಹೂದಿ ಗುರು ರಬ್ಬಾನ್ ಗಮಲಿಯೇಲ್ ಅಕ್ಕೋ ಪಟ್ಟಣದ ಸ್ನಾನಗೃಹದಲ್ಲಿ ಸ್ನಾನ ಮಾಡುತ್ತಿದ್ದರು. ಅಲ್ಲಿ ಗ್ರೀಕರ ದೇವತೆ ಅಫ್ರೊಡೈಟಿಯ ಮೂರ್ತಿಯಿತ್ತು. ಇದು ಸರಿಯೇ ಅಂತ ಒಬ್ಬ ಕೇಳಿದ್ದಕ್ಕೆ ಅವರು, ಅವಳ ಜಾಗಕ್ಕೆ ನಾನು ಬಂದಿಲ್ಲ, ನನ್ನ ಜಾಗಕ್ಕೆ ಅವಳು ಬಂದಿದ್ದಾಳೆ. ಸ್ನಾನಗೃಹಕ್ಕೆ ಅವಳು ಅಲಂಕಾರ, ಅವಳಿಗೆ ಸ್ನಾನಗೃಹವಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಅಂದರೆ ಕೈಮುಗಿಯುತ್ತಾರೋ ಇಲ್ಲವೋ ಎಂಬುದೇ ಅಲ್ಲಿ ಮುಖ್ಯ. ದುರಾದ ಚಿತ್ರಗಳಲ್ಲೂ ದೇವರ ಮುಖವಿಲ್ಲ, ಮೇಲಿಂದ ಇಳಿಯುವ ಒಂದು ಕೈ ಮಾತ್ರ.

ಪ್ರತಿ ಊರಿನವರೂ ಇದಕ್ಕೆ ತಮ್ಮದೇ ದಾರಿ ಹುಡುಕಿಕೊಂಡರು. ಇಸ್ರೇಲಿನ ಬೇತ್ ಆಲ್ಫಾದಲ್ಲಿ 1928ರ ಕೊನೆಯಲ್ಲಿ ನೀರಿನ ಕಾಲುವೆ ತೋಡುವಾಗ 6ನೇ ಶತಮಾನದ ಒಂದು ಸಿನಗಾಗಿನ ನೆಲ ಸಿಕ್ಕಿತು. ಬಣ್ಣದ ಕಲ್ಲಿನ ಮೊಸಾಯಿಕ್ಕಿನಲ್ಲಿ ಹನ್ನೆರಡು ರಾಶಿಗಳ ಚಕ್ರ, ನಡುವೆ ನಾಲ್ಕು ಕುದುರೆಯ ರಥದಲ್ಲಿ ಸೂರ್ಯ! ಮಾಡಿದವರು ಮರಿಯಾನೋಸ್ ಮತ್ತು ಅವನ ಮಗ ಹನೀನಾ ಅಂತ ಬಾಗಿಲ ಬಳಿ ಹೆಸರು ಬರೆದಿದ್ದಾರೆ. ನಮ್ಮ ಬೇಲೂರಿನ ಶಿಲ್ಪಿಗಳ ಹಾಗೆ ಹೆಸರು ಬರೆದಿಟ್ಟು ಹೋದ ಕಸುಬುದಾರರು ಅಂದರೆ ನನಗೆ ತುಂಬ ಪ್ರೀತಿ. ಸುಮಾರು 1300ರ ಹೊತ್ತಿಗೆ ದಕ್ಷಿಣ ಜರ್ಮನಿಯಲ್ಲಿ ಬರೆದ ಒಂದು ಹಗ್ಗಾದಾ, ಅಂದರೆ ಪಾಸ್ಕ ಹಬ್ಬದ ಊಟಕ್ಕೆ ಕೂತಾಗ ಓದುವ ಪುಸ್ತಕ, ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಯಹೂದಿಗಳಿಗೆಲ್ಲ ಕೊಕ್ಕಿರುವ ಹಕ್ಕಿಯ ತಲೆ! ಮುಖ ಬರೆಯದೆ ಇರಲು ಹೀಗೆ ಮಾಡಿದರೆಂದು ಕೆಲವರು ಹೇಳುತ್ತಾರೆ, ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಉಡುಪಿಯಿಂದ_ಹೈಫಾ

ನಾನು ಇಲ್ಲಿ ಇಸ್ರೇಲಿನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮ ಕರಾವಳಿಯವರು ತುಂಬ ಜನ ಇದ್ದೇವೆ ಇಲ್ಲಿ. ಪುಸ್ತಕದ್ದು ನನಗೆ ಗೊತ್ತಿಲ್ಲ ಮಾರಾಯ್ರೆ, ಕಣ್ಣಲ್ಲಿ ಕಂಡದ್ದು ಹೇಳ್ತೇನೆ.

ಶುಕ್ರವಾರ ಸೂರ್ಯ ಮುಳುಗುವ ಮೊದಲು ಅಜ್ಜಿ ಎರಡು ಮೇಣದಬತ್ತಿ ಹಚ್ಚುತ್ತಾರೆ. ಹಚ್ಚಿದ ಮೇಲೆ ಬೆಳಕನ್ನು ತನ್ನ ಕಡೆ ಎಳೆದುಕೊಳ್ಳುವ ಹಾಗೆ ಕೈ ಆಡಿಸಿ, ಎರಡೂ ಕೈಯಿಂದ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ. ಅದರ ನಂತರ ಶನಿವಾರ ರಾತ್ರಿವರೆಗೆ ಬೆಂಕಿ ಹೊತ್ತಿಸಲಿಕ್ಕಿಲ್ಲ. ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಸಬ್ಬತ್ತಿಗೆ, ಅಂದರೆ ಅವರ ಈ ವಾರದ ವಿಶ್ರಾಂತಿಯ ದಿನಕ್ಕೆ, ಬೀಳ್ಕೊಡುವ ಪ್ರಾರ್ಥನೆ ಉಂಟು, ಹವ್ದಾಲಾ ಅಂತ. ಅದಕ್ಕೆ ಜಡೆ ಹೆಣೆದ ಹಾಗಿರುವ ಮೇಣದಬತ್ತಿ, ಒಂದು ಲೋಟ ದ್ರಾಕ್ಷಾರಸ, ಮತ್ತೆ ಒಂದು ಬೆಳ್ಳಿಯ ಮಸಾಲೆ ಡಬ್ಬಿ.

ಆ ಡಬ್ಬಿಯನ್ನು ತೊಳೆದು ಒರೆಸುವುದು ನಾನೇ. ಗೇಣಿನಷ್ಟು ಎತ್ತರದ ಗೋಪುರ. ನಾಲ್ಕು ಕಡೆ ಜಾಲರಿ ಕಿಟಕಿ, ತುದಿಯಲ್ಲಿ ಗಾಳಿಗೆ ತಿರುಗುವ ಬೆರಳುಗುರಿನಷ್ಟು ಬಾವುಟ, ಒಂದು ಬದಿ ತೆರೆಯುವ ಚಿಕ್ಕ ಬಾಗಿಲು. ಒಳಗೆ ಲವಂಗ. ಅಜ್ಜಿ ಅದನ್ನು ಮೂಸಿ ನನ್ನ ಕೈಗೂ ಕೊಡುತ್ತಾರೆ. ಆಮೇಲೆ ಬತ್ತಿಯ ಬೆಳಕಿಗೆ ಬೆರಳು ಮಡಚಿ ಉಗುರಿನ ಮೇಲೆ ಬೀಳುವ ಬೆಳಕು ನೋಡುವುದು, ಕೊನೆಗೆ ಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ನಂದಿಸುವುದು. ಅಜ್ಜಿಯ ಅಮ್ಮ ಯುರೋಪು ಬಿಟ್ಟು ಬರುವಾಗ ಬಟ್ಟೆಯ ನಡುವೆ ಸುತ್ತಿ ತಂದದ್ದಂತೆ ಅದು. ಬಾವುಟದ ಒಂದು ಮೂಲೆ ಬಗ್ಗಿದೆ, ನಾನು ಸರಿ ಮಾಡಿಸುವ ಅಂದರೆ ಅಜ್ಜಿ ಬೇಡ ಅಂದರು.

ಅಕ್ಕಸಾಲಿ_ಮನೆ (ಸಾಗರ)

ಅಕ್ಕಾ, ನಿಮ್ಮ ಬರಹ ಓದಿ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸಿತು. ನಮ್ಮದು ತಲೆಮಾರುಗಳಿಂದ ಬೆಳ್ಳಿ ಕೆಲಸದ ಮನೆ. ಅಷ್ಟು ಸಣ್ಣ ಜಾಲರಿ ಕಿಟಕಿಗೆ ಎಳೆ ಎಳೆಯಾಗಿ ತಂತಿ ಬಗ್ಗಿಸಿ ಬೆಸುಗೆ ಹಾಕಬೇಕು, ಉರಿ ಒಂದು ಚೂರು ಹೆಚ್ಚಾದರೂ ಇಡೀ ಕಿಟಕಿ ಕರಗಿ ಉಂಡೆಯಾಗುತ್ತದೆ. ಕಲ್ಲುಕಂಬ ಮೇಡಂ, ಇವನ್ನೆಲ್ಲ ಮಾಡುತ್ತಿದ್ದವರು ಯಾರು? ಯಹೂದಿ ಅಕ್ಕಸಾಲಿಗಳೇ ಇದ್ದರೆ?

ಕಲ್ಲುಕಂಬ

ಊರಿಗೊಂದು ಉತ್ತರ. ಜರ್ಮನಿಯ ಊರುಗಳಲ್ಲಿ ಬೆಳ್ಳಿ ಕೆಲಸ ಕಸುಬುದಾರರ ಸಂಘಗಳ ಕೈಯಲ್ಲಿತ್ತು, ಆ ಸಂಘಗಳಿಗೆ ಯಹೂದಿಗಳನ್ನು ಸೇರಿಸುತ್ತಿರಲಿಲ್ಲ. ಹಾಗಾಗಿ 17, 18ನೇ ಶತಮಾನದ ಫ್ರಾಂಕ್‌ಫರ್ಟ್, ನ್ಯೂರೆಂಬರ್ಗ್, ಆಗ್ಸ್‌ಬರ್ಗ್‌ಗಳ ತೋರಾ ಆಭರಣಗಳನ್ನು ಮಾಡಿದವರು ಹೆಚ್ಚಾಗಿ ಕ್ರೈಸ್ತ ಅಕ್ಕಸಾಲಿಗಳು. ಹೇಳಿ ಮಾಡಿಸಿದವರು ಯಹೂದಿಗಳು, ಹೀಬ್ರೂ ಅಕ್ಷರ ಬರೆದುಕೊಟ್ಟವರೂ ಅವರೇ. ಆಗ್ಸ್‌ಬರ್ಗಿನ ವಸ್ತುವಾದರೆ ಮೂಲೆಯಲ್ಲಿ ಪೈನ್ ಕಾಯಿಯ ಮುದ್ರೆ ಹುಡುಕಿ, ಅದು ಆ ಊರಿನ ಗುರುತು.

ಯೆಮನ್‌ನಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಬೆಳ್ಳಿ ಕೆಲಸವೆಂದರೆ ಯಹೂದಿಗಳ ಕಸುಬು, ಮುಸ್ಲಿಂ ಮದುಮಗಳ ಒಡವೆಯೂ ಅವರ ಕೈಯಿಂದಲೇ ಆಗಬೇಕು. 1949–50ರಲ್ಲಿ ಅವರಲ್ಲಿ ಬಹುತೇಕ ಎಲ್ಲರೂ ಇಸ್ರೇಲಿಗೆ ಹೊರಟುಹೋದರು. ಅದಕ್ಕೂ ಮೊದಲೇ ಜೆರುಸಲೇಮಿಗೆ ಬಂದಿದ್ದ ಯೆಮನಿ ಕೆಲಸಗಾರರು ಬೆಚಲೇಲ್ ಶಾಲೆಯ ಕಾರ್ಯಾಗಾರದಲ್ಲಿ ತಂತಿ ಕೆಲಸ ಮಾಡಿಕೊಂಡಿದ್ದರು. ನ್ಯೂಯಾರ್ಕಿನಲ್ಲಿ ಮೈಯರ್ ಮೈಯರ್ಸ್ (1723–1795) ಎಂಬ ಯಹೂದಿ ಅಕ್ಕಸಾಲಿ ಇದ್ದ, ಅವನು ಮಾಡಿದ ಗೆಜ್ಜೆ ಕಟ್ಟಿದ ತೋರಾ ಗುಬಟುಗಳು ಈಗಲೂ ಉಳಿದಿವೆ.

ನಿಮಗೆ ಇಷ್ಟವಾಗುವ ಇನ್ನೊಂದು ಸಂಗತಿ. ಎದೆಫಲಕದ ನಡುವೆ ಎಷ್ಟೋ ಸಲ ಒಂದು ಪುಟ್ಟ ಪೆಟ್ಟಿಗೆಯಂಥ ಕಿಂಡಿ ಇರುತ್ತದೆ. ಅದರೊಳಗೆ ಜಾರಿಸಿ ಹಾಕುವ ಬೆಳ್ಳಿಯ ತಗಡುಗಳು: ಒಂದರ ಮೇಲೆ ಸಬ್ಬತ್, ಇನ್ನೊಂದರ ಮೇಲೆ ಅಮಾವಾಸ್ಯೆ ಕಳೆದ ಹೊಸ ತಿಂಗಳು, ಮತ್ತೊಂದರಲ್ಲಿ ಪಾಸ್ಕ. ಒಂದಕ್ಕಿಂತ ಹೆಚ್ಚು ಸುರುಳಿಗಳಿರುವ ಸಿನಗಾಗಿನಲ್ಲಿ ಯಾವುದನ್ನು ಯಾವ ದಿನದ ಪಾಠಕ್ಕೆ ಸುತ್ತಿ ಇಟ್ಟಿದೆ ಅನ್ನುವುದು ತಗಡು ನೋಡಿದರೆ ತಿಳಿಯುತ್ತದೆ. ಓದುವಾಗ ಅಕ್ಷರದ ಮೇಲೆ ಬೆರಳಿಡುವಂತಿಲ್ಲ, ಅದಕ್ಕೆ ತುದಿಯಲ್ಲಿ ಪುಟ್ಟ ಹಸ್ತವಿರುವ ಬೆಳ್ಳಿಕಡ್ಡಿ. ಹಸ್ತದಲ್ಲಿ ತೋರುಬೆರಳು ಮಾತ್ರ ಚಾಚಿರುತ್ತದೆ. ಕೆಲವರು ಆ ಬೆರಳಿಗೆ ಉಂಗುರವನ್ನೂ ತೊಡಿಸಿದ್ದಾರೆ!

ಕಸೂತಿ_ಧಾರವಾಡ

ಬೆಳ್ಳಿ ಆತು, ಇನ್ನ ಬಟ್ಟೆ ಬಗ್ಗೆ ನಾ ಹೇಳ್ತೀನಿ. ಇದನ್ನ ಓದಿದಾಗಿಂದ ನನ್ನ ತಲಿಯಾಗಿಂದ ಹೋಗವಲ್ಲದು.

ಜರ್ಮನಿ ಯಹೂದಿ ಮನಿಯೊಳಗ ಗಂಡು ಕೂಸಿಗೆ ಸುನ್ನತಿ ಮಾಡುಮುಂದ ಸುತ್ತಿದ ಅರಿವಿ ಇರ್ತದಲ್ಲ, ಅದನ್ನ ಒಗದು, ನಾಲ್ಕು ಉದ್ದನ ಪಟ್ಟಿ ಕತ್ತರಿಸಿ, ತುದಿಗೆ ತುದಿ ಹಚ್ಚಿ ಹೊಲೀತಾರ. ಸುಮಾರು ಮೂರು ಮೀಟರ್ ಉದ್ದ ಆಗ್ತದ. ಅದರ ಮ್ಯಾಲ ಅವ್ವ ಅಥವಾ ಅಜ್ಜಿ ಬಣ್ಣದ ದಾರದಿಂದ ಕೂಸಿನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಹೊಲೀತಾರ. ಮುಂದ ಒಂದು ಹರಕಿ: ಈ ಕೂಸು ತೋರಾಕ್ಕ, ಮದುವಿ ಚಪ್ಪರಕ್ಕ, ಒಳ್ಳೆ ಕೆಲಸಕ್ಕ ಬೆಳದು ಬರಲಿ ಅಂತ. ಅಕ್ಷರದ ಒಳಗ ಹಕ್ಕಿ, ಮೀನ, ಹೂವು, ಹುಟ್ಟಿದ ರಾಶಿ. ಚಪ್ಪರ ಅನ್ನೋ ಮಾತು ಬಂದಲ್ಲೆ ಸಣ್ಣ ಸಣ್ಣ ಗಂಡ ಹೆಂಡ್ತಿ ಚಿತ್ರ. ಕೂಸು ದೊಡ್ಡದಾಗಿ ಮೂರು ವರ್ಷದ ಸುಮಾರಿಗೆ ಅಪ್ಪನ ಕೂಡ ಸಿನಗಾಗಿಗೆ ಹೋಗಿ ಅದನ್ನ ಕೊಡ್ತದ. ಅವತ್ತಿಂದ ಆ ಪಟ್ಟಿಲೇ ತೋರಾ ಸುರುಳಿ ಕಟ್ಟೋದು.

ಇರಕಲ್ ಸೀರಿ ಮ್ಯಾಲ ತೇರು, ಗೋಪುರ, ಆನಿ ಹೊಲಿಯೋ ನನಗ ಇದು ಮುಟ್ಟಿತು ನೋಡ್ರಿ. ಬೆಳ್ಳಿ ಕೆಲಸಕ್ಕ ಹೊರಗಿನ ಸಂಘದವರ ಕೈ ಬೇಕಾತು, ಆದ್ರ ಈ ಅರಿವಿ ಮನಿ ಹೆಣ್ಣಮಕ್ಕಳದ್ದು. ಅವರ ಹೆಸರು ಎಲ್ಲೂ ಇಲ್ಲ, ಕೂಸಿನ ಹೆಸರಷ್ಟ ಉಳದದ. ನನಗ ಇದು ಭಾಳ ಬ್ಯಾಸರದ ಮಾತು.

ತಾಮ್ರಪಟ (ಮಂಗಳೂರು)

ನಮ್ಮ ಊರಿನ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಕೈರೋದ ಹಳೇ ಸಿನಗಾಗಿನ ಕೋಣೆಯಲ್ಲಿ ಸಿಕ್ಕಿದ ಲಕ್ಷಾಂತರ ಕಾಗದದ ತುಣುಕುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳೂ ಇದ್ದವು. ಟುನೀಸಿಯದಿಂದ ಬಂದ ಯಹೂದಿ. 1130, 40ರ ದಶಕಗಳಲ್ಲಿ ಇದ್ದದ್ದು ಮಂಗಳೂರಿನಲ್ಲಿ. ಇಲ್ಲಿಯ ಆಶು ಎಂಬ ದಾಸಿಯನ್ನು 1132ರಲ್ಲಿ ದಾಸ್ಯದಿಂದ ಬಿಡಿಸಿದ ಪತ್ರ ಉಳಿದಿದೆ. ಅವಳೇ ಅವನ ಮಕ್ಕಳ ತಾಯಿ ಎಂಬುದು ವಿದ್ವಾಂಸರ ಅಭಿಪ್ರಾಯ.

ಬೆನ್ ಯಿಜುವಿಗೆ ಇಲ್ಲಿ ಕಂಚು ಹಿತ್ತಾಳೆಯ ಕಾರ್ಖಾನೆಯಿತ್ತು. ಏಡನ್‌ನ ಯಹೂದಿ ವ್ಯಾಪಾರಿಗಳು ಒಡೆದ ತಾಮ್ರದ ಪಾತ್ರೆ, ಹಳೇ ಲೋಹವನ್ನು ಹಡಗಿನಲ್ಲಿ ಕಳಿಸಿ, ಕರಗಿಸಿ ಹೊಸದು ಮಾಡಿಕೊಡು ಅಂತ ಬರೆಯುತ್ತಿದ್ದರು. ಒಂದು ಪತ್ರದಲ್ಲಿ ದೀಪಕ್ಕೆ ಹೇಳಿಕಳಿಸಿದ ವಿವರ ನೋಡಿ: ಕಂಬ ಎಂಟು ಮೂಲೆಯದು, ದಪ್ಪನೆಯದು ಇರಬೇಕು, ಪೀಠದ ಕಾಲು ಗಟ್ಟಿ ಇರಬೇಕು, ಮೇಲೆ ಎರಡು ಬತ್ತಿಯ ತಾಮ್ರದ ಹಣತೆ, ಅದು ಕಂಬದ ಮೇಲೆ ಏರಿಸಿ ಇಳಿಸುವ ಹಾಗಿರಬೇಕು. ನಮ್ಮ ಕಂಚುಗಾರರ ಕೈಗೆ ಎರಕದ ದೀಪ ಹೊಸದಲ್ಲವಲ್ಲ!

ಅಕ್ಕಸಾಲಿ_ಮನೆ (ಸಾಗರ)

ಏರಿಸಿ ಇಳಿಸುವ ದೀಪ ಅಂದರೆ ಅದು ಶುಕ್ರವಾರದ ದೀಪವೇ ಇರಬೇಕಲ್ಲವೆ ಸರ್?

ತಾಮ್ರಪಟ (ಮಂಗಳೂರು)

ಪತ್ರದಲ್ಲಿ ಆ ಮಾತಿಲ್ಲ. ಮನೆಬಳಕೆಯ ದೀಪ ಅಂತಲೇ ಓದಬೇಕು. ಯಹೂದಿ ಮನೆಯಲ್ಲಿ ಉರಿದ ದೀಪ ಅಷ್ಟು ಹೇಳಬಹುದು, ಅದಕ್ಕಿಂತ ಮುಂದೆ ಎಳೆಯುವುದು ಬೇಡ.

ಕಲ್ಲುಕಂಬ

ಈ ಎಚ್ಚರ ಒಳ್ಳೆಯದು. ಇಳಿಸುವ ಶುಕ್ರವಾರದ ದೀಪ ಬೇರೆಯೇ ಇದೆ, ಅದು ಜರ್ಮನಿಯದು, ಬಹಳ ನಂತರದ ಕಾಲದ್ದು. ಸೂರಿನಿಂದ ತೂಗುವ ನಕ್ಷತ್ರದಾಕಾರದ ಹಿತ್ತಾಳೆ ದೀಪ. ಮೇಲೆ ಗರಗಸದ ಹಲ್ಲಿನ ಸಲಾಕೆ, ವಾರವಿಡೀ ಎತ್ತರದಲ್ಲಿರುತ್ತದೆ, ಶುಕ್ರವಾರ ಸಂಜೆ ಊಟದ ಮೇಜಿನ ಮೇಲಕ್ಕೆ ಇಳಿಸುತ್ತಾರೆ. ದೀಪ ಇಳಿಯಿತು, ಚಿಂತೆ ಏರಿತು (ಅಂದರೆ ದೂರವಾಯಿತು) ಅಂತ ಅವರಲ್ಲಿ ಗಾದೆಯೇ ಇತ್ತು.

ಗಡಿಯೂರ_ಪಯಣಿಗ

ಕೊಚ್ಚಿಯ ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ನೋಡಿಬಂದೆ. 1568ರಲ್ಲಿ ಕಟ್ಟಿದ್ದು. ನೆಲಕ್ಕೆ 18ನೇ ಶತಮಾನದಲ್ಲಿ ಚೀನಾದಿಂದ ತಂದ ನೀಲಿ ಬಿಳಿ ಹೆಂಚು, ಒಂದೊಂದನ್ನೂ ಕೈಯಲ್ಲೇ ಬರೆದಿದ್ದಾರೆ. ಮಂಡಿಯೂರಿ ನೋಡಿದರೆ ಅದೇ ವಿಲೋ ಮರ ಒಂದರಲ್ಲಿ ಬಲಕ್ಕೆ ವಾಲಿದೆ, ಪಕ್ಕದ್ದರಲ್ಲಿ ಕುಂಚ ಸ್ವಲ್ಪ ಜಾರಿ ದಪ್ಪವಾಗಿದೆ. ಮೇಲೆ ಗಾಜಿನ ತೂಗುದೀಪಗಳ ಸಾಲು. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ತೋರಾಗೆ ಅಲ್ಲಿ ಬಟ್ಟೆಯ ಹೊದಿಕೆಯಲ್ಲ, ಎರಡು ಹೋಳಾಗಿ ತೆರೆಯುವ ಮರದ ಸಂಪುಟ, ಮೇಲೆ ಬೆಳ್ಳಿ ತಗಡು. ಸುರುಳಿಯನ್ನು ಮಲಗಿಸದೆ ನಿಲ್ಲಿಸಿಯೇ ಓದುತ್ತಾರೆ. 1805ರಲ್ಲಿ ತಿರುವಾಂಕೂರಿನಿಂದ ಬಂದ ಚಿನ್ನದ ಕಿರೀಟವೂ ಅವರಲ್ಲಿದೆ.

ನನಗೆ ಒಂದು ವಿಷಯ ಒಪ್ಪಿಗೆಯಾಗುತ್ತಿಲ್ಲ. ಅದೇ ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಗಿನ ಮರಗೆಲಸವನ್ನು ಬಿಚ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿಗೆ ಒಯ್ದು 1990ರ ದಶಕದಲ್ಲಿ ಅಲ್ಲಿ ಜೋಡಿಸಿದ್ದಾರೆ. ಕೇರಳದ ಬಡಗಿಗಳು ಕೇರಳದ ಮರದಲ್ಲಿ ಕೆತ್ತಿದ್ದು ಕೇರಳದಲ್ಲೇ ಇರಬೇಕಿತ್ತು.

ಉಡುಪಿಯಿಂದ_ಹೈಫಾ

ಅಣ್ಣ, ಇಲ್ಲಿ ಕೊಚ್ಚಿಯಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಸಾವಿರಾರು ಜನ ಇದ್ದಾರೆ. 1950ರ ದಶಕದಲ್ಲಿ ಊರಿಗೆ ಊರೇ ಹೊರಟು ಬಂದದ್ದು. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಅಲ್ಲಿ ಅಷ್ಟು ಜನ ಉಳಿಯಲಿಲ್ಲ. ಅಜ್ಜ ನಿಂತು ಪ್ರಾರ್ಥನೆ ಮಾಡಿದ ಕಂಬವನ್ನು ಮೊಮ್ಮಗ ಇಲ್ಲಿ ನೋಡುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಕಲ್ಲುಕಂಬ

ಇಬ್ಬರ ಮಾತಿನಲ್ಲೂ ನೋವಿದೆ. ನಾನು ಹೈಫಾ ಅಕ್ಕನ ಕಡೆ, ಯಾಕೆ ಅಂತ ಹೇಳುತ್ತೇನೆ. ಈ ವಸ್ತುಗಳ ಚರಿತ್ರೆಯಲ್ಲಿ ಮ್ಯೂಸಿಯಂ ಅನ್ನುವುದು ಎಷ್ಟೋ ಸಲ ಕೊನೆಯ ಆಸರೆಯಾಗಿತ್ತು. 1939ರಲ್ಲಿ ಡಾನ್‌ಸಿಗ್ (ಈಗ ಪೋಲೆಂಡಿನ ಗ್ದಾನ್ಸ್ಕ್) ನಗರದ ಯಹೂದಿಗಳು ತಮ್ಮ ಸಿನಗಾಗಿನ ವಸ್ತುಗಳನ್ನೆಲ್ಲ ಪೆಟ್ಟಿಗೆ ಕಟ್ಟಿ ನ್ಯೂಯಾರ್ಕಿಗೆ ಕಳಿಸಿದರು. ಹದಿನೈದು ವರ್ಷದ ನಂತರ ಡಾನ್‌ಸಿಗ್‌ನಲ್ಲಿ ನೆಮ್ಮದಿಯಿಂದ ಬದುಕುವ ಯಹೂದಿಗಳಿದ್ದರೆ ಹಿಂದಿರುಗಿಸಿ, ಇಲ್ಲವಾದರೆ ನೀವೇ ಇಟ್ಟುಕೊಳ್ಳಿ ಎಂಬುದು ಷರತ್ತು. ಕೇಳಲು ಯಾರೂ ಬರಲಿಲ್ಲ. ಅವು ಈಗ ನ್ಯೂಯಾರ್ಕಿನ ಜ್ಯೂಯಿಶ್ ಮ್ಯೂಸಿಯಮ್ಮಿನಲ್ಲಿವೆ.

ಪ್ರಾಗ್‌ನದು ಇನ್ನೂ ಘೋರ. ನಾಜಿಗಳ ಆಳ್ವಿಕೆಯಲ್ಲಿ 1942ರಿಂದ ಇಂದಿನ ಚೆಕ್ ದೇಶದ ಬೊಹೆಮಿಯಾ, ಮೊರಾವಿಯಾದ ಊರೂರಿನ ಸಿನಗಾಗುಗಳ ವಸ್ತುಗಳೆಲ್ಲ ಅಲ್ಲಿನ ಯಹೂದಿ ಮ್ಯೂಸಿಯಮ್ಮಿಗೆ ಬಂದು ಬಿದ್ದವು. ಒಂದೊಂದಕ್ಕೂ ಚೀಟಿ ಬರೆದು ಪಟ್ಟಿ ಮಾಡಿದವರು ಯಹೂದಿ ವಿದ್ವಾಂಸರೇ. ಅವರಲ್ಲಿ ಹೆಚ್ಚಿನವರನ್ನು ಆಮೇಲೆ ಶಿಬಿರಗಳಿಗೆ ಸಾಗಿಸಿ ಕೊಂದರು. ಪರದೆ, ಫಲಕ, ಬೆಳ್ಳಿಹಸ್ತ ಉಳಿದವು, ಹಿಡಿಯುವ ಕೈಗಳು ಉಳಿಯಲಿಲ್ಲ. ಅಲ್ಲಿದ್ದ 1,564 ತೋರಾ ಸುರುಳಿಗಳು 1964ರಲ್ಲಿ ಲಂಡನ್ನಿಗೆ ಬಂದವು. ಬರವಣಿಗೆ ಸರಿಪಡಿಸಲು ಸಾಧ್ಯವಾದವನ್ನು ಲಿಪಿಕಾರರು ಕೂತು ಸರಿಪಡಿಸಿದರು, ಜಗತ್ತಿನ ಹಲವು ಸಿನಗಾಗುಗಳಲ್ಲಿ ಅವು ಮತ್ತೆ ತೆರೆದುಕೊಂಡವು. ನನ್ನ ಪ್ರಕಾರ ಈ ಕೆಲಸಕ್ಕಿಂತ ದೊಡ್ಡ ಸಂರಕ್ಷಣೆ ಇಲ್ಲ.

ತಾಮ್ರಪಟ (ಮಂಗಳೂರು)

ಸಾರಾಯೇವೋ ಹಗ್ಗಾದಾ ಇಲ್ಲಿ ಸೇರಲಿ. ಸುಮಾರು 1350ರಲ್ಲಿ ಸ್ಪೇನಿನಲ್ಲಿ ಚಿತ್ರಿಸಿದ್ದು. 1894ರಲ್ಲಿ ಬೋಸ್ನಿಯಾದ ಸಾರಾಯೇವೋ ನಗರದ ಮ್ಯೂಸಿಯಂ ಕೊಂಡುಕೊಂಡಿತು. 1942ರಲ್ಲಿ ನಾಜಿ ಸೇನಾಧಿಕಾರಿ ಅದನ್ನು ಕೇಳಿಕೊಂಡು ಬಂದಾಗ ಬಚ್ಚಿಟ್ಟು ಉಳಿಸಿದ್ದು ದೆರ್ವಿಶ್ ಕೋರ್ಕುತ್ ಎಂಬ ಮುಸ್ಲಿಂ ಗ್ರಂಥಪಾಲಕರು. 1992ರ ಯುದ್ಧದಲ್ಲೂ ಅದನ್ನು ಮ್ಯೂಸಿಯಮ್ಮಿನಿಂದ ಎತ್ತಿ ಬ್ಯಾಂಕಿನ ತಿಜೋರಿಗೆ ಸೇರಿಸಿ ಕಾಪಾಡಿದರು.

ಗಡಿಯೂರ_ಪಯಣಿಗ

ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ. ಪ್ರಾಗ್ ಬೇರೆ, ಕೊಚ್ಚಿ ಬೇರೆ. ಕೊಚ್ಚಿಯಲ್ಲಿ ಅವರನ್ನು ಯಾರೂ ಓಡಿಸಲಿಲ್ಲ. ಸುಮಾರು ಕ್ರಿ.ಶ. 1000ದ ಹೊತ್ತಿಗೇ ಕೇರಳದ ಅರಸ ಭಾಸ್ಕರ ರವಿವರ್ಮ ಯಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ ಪಲ್ಲಕ್ಕಿ, ಕೊಡೆ, ಹಗಲುದೀವಟಿಗೆಯ ಮರ್ಯಾದೆ ಕೊಟ್ಟ ತಾಮ್ರಶಾಸನ ಅಲ್ಲೇ ಇದೆ. ಅಷ್ಟು ಮಾನ ಕೊಟ್ಟ ನೆಲದಲ್ಲಿ ಆ ಮರಗೆಲಸವೂ ಇರಲಿ ಎಂಬುದಷ್ಟೇ ನನ್ನ ವಾದ. ಅದಿರಲಿ, ಚಿತ್ರಕಾರರ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ?

ಕಲ್ಲುಕಂಬ

ಯಹೂದಿ ಚಿತ್ರಕಾರ ಮಾರ್ಕ್ ಶಗಾಲ್ ಎಲ್ಲರಿಗೂ ಗೊತ್ತು. ಜೆರುಸಲೇಮಿನ ಹದಾಸಾ ಆಸ್ಪತ್ರೆಯಲ್ಲಿ 1962ರಲ್ಲಿ ಕೂರಿಸಿದ ಅವನ ಹನ್ನೆರಡು ಗಾಜಿನ ಕಿಟಕಿಗಳಲ್ಲಿ ಯಾಕೋಬನ ಹನ್ನೆರಡು ಮಕ್ಕಳ ಕಥೆಯಿದೆ, ಆದರೆ ಒಂದೂ ಮನುಷ್ಯರೂಪವಿಲ್ಲ. ಎಲ್ಲ ಪ್ರಾಣಿ, ಪಕ್ಷಿ, ಮೀನು, ಹೂವು.

ನಾನು ಹೇಳಬೇಕೆಂದಿರುವುದು ಪೋಲೆಂಡಿನ ಚಿತ್ರಕಾರ ಮೌರಿಸಿ ಗಾಟ್ಲೀಬ್ ಬಗ್ಗೆ. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ಉಪವಾಸದ ದಿನ ಸಿನಗಾಗಿನಲ್ಲಿ ಪ್ರಾರ್ಥನೆ ಮಾಡುವವರ ಚಿತ್ರವನ್ನು ಅವನು 1878ರಲ್ಲಿ ಬರೆದ. ಈಗ ಟೆಲ್ ಅವೀವ್ ಕಲಾ ಮ್ಯೂಸಿಯಮ್ಮಿನಲ್ಲಿದೆ. ಬಾಲಕ, ಹುಡುಗ, ಯುವಕ ಹೀಗೆ ತನ್ನನ್ನೇ ಮೂರು ಸಲ ಬರೆದುಕೊಂಡಿದ್ದಾನೆ. ನಡುವೆ ಕೂತ ಮುದುಕನ ತೋಳಿನಲ್ಲಿ ತೋರಾ ಇದೆ, ಅದರ ಹೊದಿಕೆಯ ಮೇಲೆ ಹೊಲಿದ ಅಕ್ಷರಗಳನ್ನು ಓದಿದರೆ ಎದೆ ಝಲ್ಲೆನ್ನುತ್ತದೆ: ದಿವಂಗತ ಮೋಶೆ ಗಾಟ್ಲೀಬನ ನೆನಪಿಗೆ ಕೊಟ್ಟದ್ದು ಅಂತ ಇದೆ. ಅವನದೇ ಹೆಸರು (ಮೋಶೆ ಎಂಬುದು ಅವನ ಹೀಬ್ರೂ ಹೆಸರು)! ಮರುವರ್ಷ, 23ನೇ ವಯಸ್ಸಿಗೆ, ತೀರಿಕೊಂಡ. ಕ್ಯಾನ್ವಾಸಿನ ಚಿತ್ರಕಾರನೂ ತನ್ನ ನೆನಪನ್ನು ಇಡಲು ಹುಡುಕಿಕೊಂಡ ಜಾಗ ತೋರಾ ಹೊದಿಕೆಯೇ. ಮೊದಲ ಬರಹದಲ್ಲಿ ವಸ್ತುಗಳ ಕಡೆ ನೋಡಿ ಅಂದದ್ದು ಇದಕ್ಕೇ.

ಕಸೂತಿ_ಧಾರವಾಡ

ಟಿಪ್ಪು ಕಾಲದ್ದು ಏನೋ ಸಂಬಂಧ ಅದ ಅಂತ ಎಲ್ಲೋ ಕೇಳಿದ್ದೆ, ಖರೇ ಏನ್ರಿ?

ತಾಮ್ರಪಟ (ಮಂಗಳೂರು)

ಹೌದು, ಕೊಂಕಣದ ಬೆನೆ ಇಸ್ರಾಯೇಲಿ ಸಮುದಾಯದ ಸಾಮುವೆಲ್ ದಿವೇಕರ್. ಕಂಪನಿಯ ಸೈನ್ಯದಲ್ಲಿದ್ದವರು, ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿದರು. ಬಿಡುಗಡೆಯಾದರೆ ಸಿನಗಾಗ್ ಕಟ್ಟಿಸುತ್ತೇನೆಂದು ಹರಕೆ ಹೊತ್ತರು ಎಂಬುದು ಅವರಲ್ಲಿ ನಡೆದುಬಂದ ಮಾತು. 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದರು, ಆ ಊರಿನ ಮೊದಲ ಸಿನಗಾಗ್ ಅದೇ. ಮಸೀದಿ ಬಂದರ್ ಸ್ಟೇಷನ್ನಿನ ಹತ್ತಿರ ಈಗಲೂ ಇದೆ.

ಅಕ್ಕಸಾಲಿ_ಮನೆ (ಸಾಗರ)

ಮುಂದಿನ ತಿಂಗಳು ಮನೆಯವರೆಲ್ಲ ಕೊಚ್ಚಿಗೆ ಹೊರಟಿದ್ದೇವೆ. ಏನು ನೋಡಬೇಕು, ಯಾವಾಗ ಹೋಗಬೇಕು ಹೇಳಿ.

ಗಡಿಯೂರ_ಪಯಣಿಗ

ಶನಿವಾರ ಮತ್ತು ಯಹೂದಿ ಹಬ್ಬದ ದಿನ ಬಾಗಿಲು ಹಾಕಿರುತ್ತದೆ, ಶುಕ್ರವಾರವನ್ನೂ ನಂಬಬೇಡಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಜನ ಹೆಚ್ಚು. ತೋಳಿಲ್ಲದ ಅಂಗಿ, ಗಿಡ್ಡ ಚಡ್ಡಿ ಬೇಡ. ನಡುವಿನ ಹಿತ್ತಾಳೆ ಕಟಕಟೆಯ ವೇದಿಕೆಯನ್ನು ನೀವು ಹೇಗಿದ್ದರೂ ನೋಡುತ್ತೀರಿ, ಜೊತೆಗೆ ತಲೆಯೆತ್ತಿ ಮಹಡಿಯ ಕಡೆಗೂ ನೋಡಿ. ಅಲ್ಲಿ ಹೆಂಗಸರ ಜಾಗದ ಮುಂದೆ ಓದಲು ಎರಡನೇ ವೇದಿಕೆ ಇದೆ, ಅದು ಕೇರಳದ ಸಿನಗಾಗುಗಳದ್ದೇ ವಿಶೇಷ. ಫೋಟೋ ತೆಗೆಯುವ ಮೊದಲು ಅಲ್ಲಿರುವವರನ್ನು ಕೇಳಿಕೊಳ್ಳಿ.